ಗುಜರಿಯವರು ಬಿಟ್ಟು ಹೋಗೋದಕ್ಕೆ ಸರ್ಕಾರದ ದುಡ್ಡು ಹೋಗ್ಲಿ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನಲ್ಲಿ ಇ-ವೇಸ್ಟ್ ಬಗ್ಗೆ, ಅಂದ್ರೆ ಕೆಟ್ಟುಹೋದ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನಿನ ಬಗ್ಗೆ, ಮಾತು ಬಂದಾಗೆಲ್ಲ ಎರಡೇ ವಿಷಯ ಕೇಳಿಬರುತ್ತೆ, ಒಂದು ಜನಕ್ಕೆ ಜಾಗೃತಿ ಇಲ್ಲ ಅನ್ನೋದು, ಇನ್ನೊಂದು ಜಿಲ್ಲೆಗೇ ಅಂತ ಒಂದು ರೀಸೈಕ್ಲಿಂಗ್ ಘಟಕ ಬೇಕು ಅನ್ನೋದು. ನಾಪೋಕ್ಲು ಕಡೆ ಟಿವಿ, ಮಿಕ್ಸಿ, ಇನ್ವರ್ಟರ್ ರಿಪೇರಿ ಮಾಡ್ಕೊಂಡು ಬದುಕ್ತಿರೋ ನಂಗೆ ಇವೆರಡ್ರಲ್ಲೂ ನಿಜವಾದ ತೊಂದ್ರೆ ಎಲ್ಲಿದೆ ಅನ್ನೋದು ಬಂದಿಲ್ಲ ಅನ್ಸುತ್ತೆ. ಜಾಗೃತಿ ಜನಕ್ಕೆ ಬೇಕಾದಷ್ಟಿದೆ, ಅಂಗಡಿಗೆ ಬರೋರೆಲ್ಲ "ಅಣ್ಣ ಇದನ್ನ ಎಲ್ಲಿ ಕೊಡೋದು" ಅಂತಾನೇ ಕೇಳೋದು, ಕೊಡೋಕೆ ಜಾಗ ಇಲ್ಲ ಅಷ್ಟೇ. ಇನ್ನು ಘಟಕದ ವಿಷಯಕ್ಕೆ ಬಂದ್ರೆ, 2011ರ ಜನಗಣತಿ ಲೆಕ್ಕದಲ್ಲಿ ನಮ್ಮ ಜಿಲ್ಲೆ ಜನಸಂಖ್ಯೆ 5.54 ಲಕ್ಷ, ವಿಸ್ತೀರ್ಣ 4,102 ಚದರ ಕಿಲೋಮೀಟರ್, ಇಡೀ ರಾಜ್ಯದಲ್ಲೇ ಜನ ಕಮ್ಮಿ ಇರೋ ಜಿಲ್ಲೆ ನಮ್ದು. ಇಷ್ಟು ಜನ ಬಿಸಾಡೋ ಮಾಲಲ್ಲಿ ಒಂದು ದೊಡ್ಡ ಮೆಷಿನ್‌ಗೆ ವರ್ಷಪೂರ್ತಿ ಕೆಲಸ ಸಿಗಲ್ಲ. ನೋಂದಣಿ ಆಗಿರೋ ರೀಸೈಕ್ಲರ್‌ಗಳು ರಾಜ್ಯದಲ್ಲಿ ಸಾಕಷ್ಟಿದ್ದಾರೆ, ಹೆಚ್ಚಿನವ್ರು ಬೆಂಗಳೂರು ಸುತ್ತಮುತ್ತ. ಮಾಲು ಅಲ್ಲಿಗೆ ಮುಟ್ಟಿದ್ರೆ ಸಾಕು. ಮುಟ್ತಿಲ್ಲ. ಯಾಕೆ ಮುಟ್ತಿಲ್ಲ ಅನ್ನೋದನ್ನ ಅಂಗಡಿಯಲ್ಲಿ ಕೂತು ದಿನಾ ನೋಡ್ತಿರೋನಾಗಿ ಈ ಪತ್ರ ಬರೀತಿದ್ದೀನಿ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಪ್ರಕಟಿಸಿ.

ಮೊದ್ಲು ಇನ್ವರ್ಟರ್ ಬ್ಯಾಟರಿ ತಗೊಳ್ಳಿ. ಜೂನ್ ಬಂತಂದ್ರೆ ಇಲ್ಲಿ ಮರ ಬಿದ್ದು ಕಂಬ ಮುರಿದು ದಿನಗಟ್ಟಲೆ ಕರೆಂಟ್ ಇರಲ್ಲ, ಹಂಗಾಗಿ ಸ್ವಲ್ಪ ಅನುಕೂಲ ಇರೋ ಮನೆಗಳಲ್ಲೆಲ್ಲ ಇನ್ವರ್ಟರ್ ಇದೆ, ತೋಟಗಳಲ್ಲಿ ಆನೆಗೆ ಅಂತ ಹಾಕಿರೋ ಸೋಲಾರ್ ಬೇಲಿಗೂ ಬ್ಯಾಟರಿ ಬೇಕು. ಆ ದೊಡ್ಡ ಬ್ಯಾಟರಿ ಒಂದಾದ್ರೂ ತೋಡಲ್ಲಿ, ಅಂದ್ರೆ ಸಣ್ಣ ಹಳ್ಳದಲ್ಲಿ, ಬಿದ್ದಿರೋದನ್ನ ನಾನು ಕಂಡಿಲ್ಲ. ಅದರೊಳಗೆ ಸೀಸ ಇದೆ, ಆಸಿಡ್ ಇದೆ, ವಿಷದಲ್ಲಿ ಯಾವ್ದಕ್ಕೂ ಕಮ್ಮಿ ಇಲ್ಲ, ಆದ್ರೂ ಯಾರೂ ಬಿಸಾಡಲ್ಲ, ಯಾಕಂದ್ರೆ ಹಳೇದು ಕೊಟ್ರೆ ಹೊಸದ್ರ ರೇಟಲ್ಲಿ ಕಡಿತ ಸಿಗುತ್ತೆ. 2001ರಲ್ಲೇ ನಿಯಮ ಬಂದು ಡೀಲರ್‌ಗಳು ಹಳೇ ಬ್ಯಾಟರಿ ವಾಪಸ್ ತಗೋಬೇಕು ಅಂತ ಆಯ್ತು, 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮ ಬಂತು, ಆದ್ರೆ ನಿಜ ಹೇಳ್ಬೇಕಂದ್ರೆ ನಿಯಮಕ್ಕಿಂತ ಹೆಚ್ಚಾಗಿ ಒಳಗಿರೋ ಸೀಸದ ಬೆಲೆನೇ ಅದನ್ನ ವಾಪಸ್ ಎಳ್ಕೊಂಡು ಬರ್ತಿರೋದು. ಅದು ಕೊನೆಗೆ ಯಾವ ಭಟ್ಟಿಗೆ ಹೋಗುತ್ತೆ ಅನ್ನೋದು ಬೇರೆ ಪ್ರಶ್ನೆ, ನಮ್ಮ ಊರಿಂದಂತೂ ಹೊರಗೆ ಹೋಗುತ್ತೆ.

ಈಗ ಹಳೇ ದಪ್ಪ ಟಿವಿ ನೋಡಿ, ಪಿಕ್ಚರ್ ಟ್ಯೂಬ್ ಇರೋದು. ಇದನ್ನೂ ಗುಜರಿಯವ್ರು ತಗೊಳ್ತಾರೆ, ಆದ್ರೆ ಪೂರ್ತಿ ತಗೊಳಲ್ಲ. ಹಿಂದಿನ ಕವರ್ ಬಿಚ್ಚಿ, ಟ್ಯೂಬಿನ ಕುತ್ತಿಗೆಗೆ ಕೂರಿಸಿರೋ ಯೋಕ್ ಕಾಯಿಲ್ ಕೀಳ್ತಾರೆ, ಅದರಲ್ಲಿ ಒಳ್ಳೇ ತಾಮ್ರ ಇರುತ್ತೆ, ಆಮೇಲೆ ಟ್ಯೂಬಿನ ಸುತ್ತ ಕಪ್ಪು ಟೇಪ್ ಸುತ್ತಿರೋ ಡೀಗಾಸಿಂಗ್ ಕಾಯಿಲ್, ಆಮೇಲೆ ಸ್ಪೀಕರ್, ಬೋರ್ಡಲ್ಲಿರೋ ಅಲ್ಯೂಮಿನಿಯಂ ಹೀಟ್‌ಸಿಂಕ್. ಯೋಕ್ ಸಲೀಸಾಗಿ ಬರ್ಲಿಲ್ಲ ಅಂದ್ರೆ ಕುತ್ತಿಗೆಗೇ ಒಂದು ಏಟು, ಒಳಗೆ ಗಾಳಿ ನುಗ್ಗೋ ಸದ್ದು ಬರುತ್ತೆ, ಅಲ್ಲಿಗೆ ಮುಗೀತು. ಉಳಿಯೋದು ಬರೀ ಗಾಜು, ಎತ್ತೋಕೆ ಇಬ್ಬರು ಬೇಕು ಅನ್ನೋಷ್ಟು ಭಾರ. ಅದರ ಹಿಂಭಾಗ ಲಾಳಿಕೆ ಆಕಾರದಲ್ಲಿರುತ್ತಲ್ಲ ಆ ಗಾಜಿಗೆ ಸೀಸ ಬೆರೆಸಿರ್ತಾರೆ, ಒಳಗೆ ಹುಟ್ಟೋ ಎಕ್ಸ್‌ರೇ ನೋಡೋರಿಗೆ ತಾಗ್ಬಾರ್ದು ಅಂತ, ಕೆಜಿ ಲೆಕ್ಕದಲ್ಲಿ ಸೀಸ ಇರುತ್ತೆ. ಸ್ಕ್ರೀನಿನ ಒಳಮೈಗೆ ಫಾಸ್ಫರ್ ಪುಡಿ ಬಳಿದಿರುತ್ತೆ, ಒಡೆದ್ರೆ ಅದು ಬಿಳಿ ಧೂಳಾಗಿ ಏಳುತ್ತೆ. ಈ ಗಾಜಿಗೆ ಮಾರ್ಕೆಟ್ಟಲ್ಲಿ ಒಂದು ರೂಪಾಯಿ ಬೆಲೆ ಇಲ್ಲ, ವಿಲೇವಾರಿಗೆ ನಾವೇ ದುಡ್ಡು ಕೊಡ್ಬೇಕು. ಹಂಗಾಗಿ ರಸ್ತೆ ತಿರುವಿನ ಕೆಳಗೆ, ತೋಟದ ಬೇಲಿ ಆಚೆ, ತೋಡಿನ ದಂಡೆ ಮೇಲೆ ಬೀಳುತ್ತೆ.

ಗುಜರಿಯವ್ರನ್ನ ನಾನು ದೂರ್ತಿಲ್ಲ. ಆಪೆ ಗಾಡಿ ತಗೊಂಡು ಮೈಕ್ ಕಟ್ಕೊಂಡು ಕಕ್ಕಬ್ಬೆ, ಭಾಗಮಂಡಲದಂತಾ ಕಡೆ ಮನೆಮನೆಗೂ ಹೋಗಿ ಬರೋರು ಅವ್ರು ಮಾತ್ರ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ಮೋಟರ್ ಇದೆಲ್ಲ ಅವ್ರ ಕೈಯಿಂದ ಚೆನ್ನಾಗೇ ಊರು ದಾಟ್ತಿದೆ, ಅದಕ್ಕೆ ಸರ್ಕಾರ ಒಂದು ರೂಪಾಯಿ ಖರ್ಚು ಮಾಡೋದು ಬೇಕಿಲ್ಲ. ಅವ್ರು ಬಿಟ್ಟು ಹೋಗೋದಿದೆಯಲ್ಲ, ಪಿಕ್ಚರ್ ಟ್ಯೂಬ್, ಸಿಎಫ್‌ಎಲ್, ಟ್ಯೂಬ್‌ಲೈಟ್, ರಿಮೋಟ್ ಸೆಲ್ಲು, ವಾಚಿನ ಬಟನ್ ಸೆಲ್ಲು, ಊದಿರೋ ಮೊಬೈಲ್ ಬ್ಯಾಟರಿ, ಫ್ರಿಜ್ ಒಳಗಿನ ಫೋಮು, ಸೆಟ್‌ಟಾಪ್ ಬಾಕ್ಸಿನ ಪ್ಲಾಸ್ಟಿಕ್, ಎಲ್‌ಇಡಿ ಬಲ್ಬು, ಇದಕ್ಕೆ ಯಾರೂ ಬೆಲೆ ಕೊಡಲ್ಲ, ವಿಷ ಇರೋದೂ ಹೆಚ್ಚಾಗಿ ಇದರಲ್ಲೇ. ಸರ್ಕಾರದ ದುಡ್ಡು ಹೋಗ್ಬೇಕಾಗಿರೋದು ಇಲ್ಲಿಗೆ. ನಾನು ಹೇಳ್ಬೇಕು ಅಂತಿರೋದು ಇಷ್ಟೇ, ಮುಂದೆ ಬರೆಯೋದೆಲ್ಲ ಇದನ್ನೇ ಬಿಡಿಸಿ ಹೇಳೋದು.

ಇದರ ಜೊತೆ ಇನ್ನೊಂದಿದೆ, ವೈರ್ ಸುಡೋದು. ಸಂಜೆ ಹೊತ್ತು ಕಪ್ಪು ಹೊಗೆ ಎದ್ದು ಗಂಟಲು ಕಟ್ಟೋ ವಾಸನೆ ಬಂದ್ರೆ ಎಲ್ಲೋ ತಾಮ್ರಕ್ಕೆ ಅಂತ ವೈರ್ ಸುಡ್ತಿದ್ದಾರೆ ಅಂತ ಅರ್ಥ. ವೈರ್ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಅನ್ನೋ ವಿಷ ಬರುತ್ತೆ, ತಾಮ್ರ ಜೊತೆಗಿದ್ರೆ ಇನ್ನೂ ಜಾಸ್ತಿ ಆಗುತ್ತೆ. ಸಿಪ್ಪೆ ಸುಲಿಯೋ ಸಣ್ಣ ಮೆಷಿನ್ ಇದೆ, ಸುಟ್ಟ ತಾಮ್ರಕ್ಕಿಂತ ಸುಲಿದ ತಾಮ್ರಕ್ಕೆ ರೇಟೂ ಜಾಸ್ತಿ, ತಾಲೂಕಿಗೊಂದು ತಂದು ಗುಜರಿ ಅಂಗಡಿಯವ್ರ ಕೈಗೆ ಸಿಗೋ ಹಂಗೆ ಇಟ್ರೆ ಸುಡೋದು ತನ್ನಷ್ಟಕ್ಕೆ ಕಮ್ಮಿ ಆಗುತ್ತೆ.

ಕಾನೂನು ಇಲ್ವಾ ಅಂದ್ರೆ ಇದೆ. 2022ರ ನವೆಂಬರ್‌ನಲ್ಲಿ ಹೊಸ ಇ-ವೇಸ್ಟ್ ನಿಯಮ ಬಂತು, 2023ರ ಏಪ್ರಿಲ್ 1ರಿಂದ ಜಾರಿ ಆಯ್ತು, ಪಟ್ಟಿಯಲ್ಲಿ 106 ಬಗೆ ವಸ್ತು ಇದೆ, ಸೋಲಾರ್ ಪ್ಯಾನಲ್ ಕೂಡ ಸೇರಿದೆ. ತಯಾರಕ ಕಂಪನಿಗಳು ತಾವು ಮಾರಿದ ಮಾಲಿಗೆ ತಕ್ಕಂತೆ ಇಂತಿಷ್ಟು ರೀಸೈಕಲ್ ಮಾಡಿಸ್ಲೇಬೇಕು, ಮೊದಲ ಎರಡು ವರ್ಷ ಶೇ. 60, ಆಮೇಲೆ ಶೇ. 70, 2027-28ರಿಂದ ಶೇ. 80. ಕಂಪನಿಗಳೇನು ಮನೆಮನೆಗೆ ಬರಲ್ಲ, ರೀಸೈಕ್ಲರ್‌ಗಳ ಹತ್ರ ಇಪಿಆರ್ ಸರ್ಟಿಫಿಕೇಟ್, ಅಂದ್ರೆ ಇಷ್ಟು ಮಾಲು ರೀಸೈಕಲ್ ಆಗಿದೆ ಅನ್ನೋ ಪತ್ರ, ಕೊಂಡ್ಕೊಳ್ತಾರೆ. ತೊಡಕಿರೋದು ಇಲ್ಲೇ. ಆ ಸರ್ಟಿಫಿಕೇಟ್ ಲೆಕ್ಕ ಹಾಕೋದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಷ್ಟು ವಾಪಸ್ ತೆಗೆದ್ರು ಅನ್ನೋದ್ರ ಮೇಲೆ. ಬೆಂಗಳೂರಿನ ಪೀಣ್ಯದಲ್ಲಿ ಸಿಕ್ಕ ಮಾಲಿಗೂ ನಮ್ಮ ಜಿಲ್ಲೆಯ ಶ್ರೀಮಂಗಲದಲ್ಲಿ ಸಿಕ್ಕ ಮಾಲಿಗೂ ಸರ್ಟಿಫಿಕೇಟ್ ಒಂದೇ, ದೂರಕ್ಕೆ ಅಂತ ಒಂದು ಪೈಸೆ ಜಾಸ್ತಿ ಇಲ್ಲ. ಮಡಿಕೇರಿಯಿಂದ ಬೆಂಗಳೂರಿಗೆ ಇನ್ನೂರೈವತ್ತು ಕಿಲೋಮೀಟರ್‌ಗೂ ಮೇಲೆ, ಶ್ರೀಮಂಗಲ ಕುಟ್ಟ ಕಡೆಯಿಂದ ಮಾಲು ಒಟ್ಟು ಮಾಡಿ ತರೋಕೆ ಅದರ ಮೇಲೆ ಇನ್ನಷ್ಟು. ಯಾವ ರೀಸೈಕ್ಲರ್ ತಾನೇ ಪೀಣ್ಯ, ಬೊಮ್ಮಸಂದ್ರ ಬಿಟ್ಟು ಇಲ್ಲಿಗೆ ಗಾಡಿ ಕಳಿಸ್ತಾನೆ ಹೇಳಿ. ಅವ್ರ ತಪ್ಪಲ್ಲ, ನಿಯಮ ಮಾಡಿರೋದೇ ಊರು ಒತ್ತೊತ್ತಾಗಿರೋ ಕಡೆಗೆ ಹೊಂದೋ ಹಂಗೆ.

ರೀಸೈಕ್ಲರ್‌ಗಳಿಗೆ ಕಂಪನಿಗಳು ತೀರಾ ಕಮ್ಮಿ ಕೊಡ್ತಾರೆ ಅಂತ ಕೇಂದ್ರ ಸರ್ಕಾರ ಕನಿಷ್ಠ ದರ ಕೂಡ ತಂತು, ಟಿವಿ ಫ್ರಿಜ್‌ನಂತಾ ವಸ್ತುಗಳಿಗೆ ಕೆಜಿಗೆ 22 ರೂಪಾಯಿ, ಸ್ಮಾರ್ಟ್‌ಫೋನ್‌ಗೆ 34. ಇದು ಜಾಸ್ತಿ ಆಯ್ತು ಅಂತ ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದ್ವು. ಈ ಜಗಳದಲ್ಲಿ ಯಾರು ಗೆದ್ರೂ ನಮ್ಮ ತೋಡಲ್ಲಿ ಬಿದ್ದಿರೋ ಟ್ಯೂಬ್‌ಗೆ ಗಾಡಿ ಬರಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 1,500 ಕೋಟಿ ರೂಪಾಯಿಯ ಒಂದು ಸ್ಕೀಮ್ ಒಪ್ತು, ಇ-ವೇಸ್ಟ್, ಲಿಥಿಯಂ ಬ್ಯಾಟರಿಯಿಂದ ಅಪರೂಪದ ಖನಿಜ ತೆಗೆಯೋರಿಗೆ ಪ್ರೋತ್ಸಾಹಧನ ಅಂತ. ಒಳ್ಳೇದೇ, ದೇಶಕ್ಕೆ ಬೇಕು. ಆದ್ರೆ ಆ ದುಡ್ಡು ಹೋಗೋದು ಫ್ಯಾಕ್ಟರಿ ಬಾಗಿಲ ಒಳಗಿನ ಕೆಲಸಕ್ಕೆ, ಫ್ಯಾಕ್ಟರಿ ಬಾಗಿಲವರೆಗೂ ತರೋ ಕೆಲಸಕ್ಕಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕದಲ್ಲೇ 2021-22ರಲ್ಲಿ ದೇಶದಲ್ಲಿ ಹುಟ್ಟಿದ ಇ-ವೇಸ್ಟ್ 16.01 ಲಕ್ಷ ಟನ್, ಸರಿಯಾಗಿ ಸಂಗ್ರಹ ಆಗಿ ಸಂಸ್ಕರಣೆ ಆಗಿದ್ದು 5.27 ಲಕ್ಷ ಟನ್. ಉಳಿದ ಹತ್ತು ಲಕ್ಷಕ್ಕೂ ಮೀರಿದ ಟನ್ ಎಲ್ಲಿದೆ ಅಂದ್ರೆ ನಮ್ಮಂತಾ ಊರಿನ ಅಟ್ಟದ ಮೇಲಿದೆ, ಗುಜರಿ ಅಂಗಡಿ ಹಿತ್ತಲಲ್ಲಿದೆ, ಹೊಳೆ ದಂಡೆಲಿದೆ.

ಸರ್ಕಾರದ ದುಡ್ಡಲ್ಲಿ ಇದನ್ನ ಮಾಡೋದು ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2003ರಲ್ಲೇ ಕಾನೂನು ಮಾಡಿ 2005ರ ಜನವರಿಯಿಂದ ಟಿವಿ, ಮಾನಿಟರ್ ಮಾರುವಾಗ್ಲೇ ಗಿರಾಕಿ ಹತ್ರ ಒಂದಷ್ಟು ಡಾಲರ್ ಫೀಸ್ ತಗೊಂಡು ರಾಜ್ಯದ ನಿಧಿಗೆ ಹಾಕಿ, ಅದರಿಂದ ಸಂಗ್ರಹ ಮಾಡೋರಿಗೂ ರೀಸೈಕ್ಲರ್‌ಗೂ ತೂಕದ ಲೆಕ್ಕದಲ್ಲಿ ಪಾವತಿ ಮಾಡ್ತಾರೆ. ಜನಕ್ಕೆ ಕೊಡೋದು ಸುಲಭ ಆಯ್ತು, ಮಾಲು ಬಂತು. ಆದ್ರೆ ಪಕ್ಕದ ರಾಜ್ಯಗಳ ಟಿವಿನೂ ಕ್ಯಾಲಿಫೋರ್ನಿಯಾದ್ದೇ ಅಂತ ತೋರಿಸಿ ಬಿಲ್ ಮಾಡ್ಕೊಂಡೋರೂ ಇದ್ರು. ಅದಕ್ಕಿಂತ ದೊಡ್ಡ ಪಾಠ ಓಹಾಯೋದ ಕೊಲಂಬಸ್‌ದು. ಹೊಸ ಪಿಕ್ಚರ್ ಟ್ಯೂಬ್ ಮಾಡೋದು ಜಗತ್ತಲ್ಲಿ ನಿಂತ್ಮೇಲೆ ಹಳೇ ಸೀಸದ ಗಾಜಿಗೆ ಗಿರಾಕಿ ಹೋಯ್ತು, ಕೊನೆಗೆ ಉಳಿದ ಕೆಲವೇ ಗಿರಾಕಿಗಳಲ್ಲಿ ನಮ್ಮ ಗುಜರಾತಿನ ಒಂದು ಫ್ಯಾಕ್ಟರಿನೂ ಇತ್ತು. ಆಗ ಅಲ್ಲಿ ಒಂದು ಸಂಸ್ಥೆ ಗಾಜು ತಗೊಳೋಕೆ ದುಡ್ಡು ಇಸ್ಕೊಂಡು, ಗೋಡೌನ್ ತುಂಬಾ ಹತ್ತಾರು ಸಾವಿರ ಟನ್ ಗಾಜು ರಾಶಿ ಹಾಕಿ, 2016ರ ಹೊತ್ತಿಗೆ ಹಂಗೇ ಬಿಟ್ಟು ಹೋಯ್ತು. ಸಂಗ್ರಹಕ್ಕೆ ಮಾತ್ರ ದುಡ್ಡು ಕೊಟ್ಟು ಕೊನೆ ವಿಲೇವಾರಿ ನೋಡ್ದೇ ಇದ್ರೆ ಹಿಂಗೇ ಆಗೋದು. ನಮ್ಮಲ್ಲೂ ಪ್ಲಾಸ್ಟಿಕ್ ವಿಷಯದಲ್ಲಿ 2023ರಲ್ಲಿ ಲಕ್ಷಗಟ್ಟಲೆ ನಕಲಿ ಇಪಿಆರ್ ಸರ್ಟಿಫಿಕೇಟ್ ಸಿಕ್ಕಿಬಿದ್ದಿತ್ತು, ಅದರಲ್ಲಿ ಕರ್ನಾಟಕದ ರೀಸೈಕ್ಲರ್ ಕೂಡ ಇದ್ದ. ಅದಕ್ಕೇ ಹೇಳೋದು, ಕೊಡಗಲ್ಲಿ ಯಾವ ಟೆಂಡರ್ ಕರೆದ್ರೂ ಇಲ್ಲಿ ಲೋಡ್ ಮಾಡುವಾಗ ಒಂದು ತೂಕದ ಚೀಟಿ, ಅಲ್ಲಿ ಇಳಿಸುವಾಗ ಒಂದು ತೂಕದ ಚೀಟಿ, ಸೀಸದ ಗಾಜಾದ್ರೆ ದಾಬಸ್‌ಪೇಟೆಯಲ್ಲಿರೋ ಅಪಾಯಕಾರಿ ತ್ಯಾಜ್ಯದ ಜಾಗಕ್ಕೋ ಇನ್ನೊಂದು ಅಧಿಕೃತ ಜಾಗಕ್ಕೋ ಸೇರಿದ ರಸೀದಿ, ಈ ಮೂರೂ ಬಂದ್ಮೇಲೇ ಪೂರ್ತಿ ಬಿಲ್ ಪಾಸ್ ಮಾಡ್ಬೇಕು.

ನಮ್ಮ ಜಿಲ್ಲೆಗೆ ಇದು ಯಾಕೆ ಅರ್ಜೆಂಟ್ ಅಂದ್ರೆ ಮಳೆ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ, ಆಮೇಲೆ 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿ, ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ಮನೆ ಒಳಗಿನ ಫ್ರಿಜ್ಜು, ಟಿವಿ, ಮಿಕ್ಸಿ, ವಾಷಿಂಗ್ ಮೆಷಿನ್ನು ಎಲ್ಲ ಕೆಸರಾಯ್ತು. ಮನೆ ಕಳ್ಕೊಂಡೋರು ಮೊದ್ಲು ಜೀವ ನೋಡ್ಕೋಬೇಕು, ಇ-ವೇಸ್ಟ್ ಅಂತ ಬೇರೆ ಮಾಡಿ ಇಡೋಕಾಗುತ್ತಾ, ಕೆಸರಿನ ಜೊತೆ ಟ್ರ್ಯಾಕ್ಟರಲ್ಲಿ ತುಂಬಿ ಎಲ್ಲೋ ಹಾಕಿದ್ರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಜಿಲ್ಲಾಡಳಿತ ವಿಪತ್ತು ತಯಾರಿ ಮಾಡುತ್ತಲ್ಲ, ಕಾಳಜಿ ಕೇಂದ್ರ ಎಲ್ಲಿ, ಬೋಟ್ ಎಲ್ಲಿ ಅಂತ, ಅದರಲ್ಲೇ ಹಾಳಾದ ಎಲೆಕ್ಟ್ರಾನಿಕ್ ಸಾಮಾನು ಎಲ್ಲಿ ಒಟ್ಟು ಹಾಕೋದು ಅನ್ನೋದೂ ಸೇರ್ಬೇಕು. ಪ್ರವಾಹ ಇಲ್ದಿದ್ರೂ ಏಪ್ರಿಲ್ ಮೇ ಸಿಡಿಲಿಗೆ ಸೆಟ್‌ಟಾಪ್ ಬಾಕ್ಸು, ವೈಫೈ ರೂಟರ್ರು, ಟಿವಿ ಬೋರ್ಡು ಸುಟ್ಟು ಬರೋದಕ್ಕೆ ನಮ್ಮ ಅಂಗಡಿಗಳಲ್ಲಿ ಲೆಕ್ಕ ಇಲ್ಲ, ಸಿಡಿಲಿಗೆ ಹೋದ ಬೋರ್ಡ್ ರಿಪೇರಿ ಆಗೋದು ಕಮ್ಮಿ.

ಸರ್ಕಾರಿ ಕಡೆ ಬಿದ್ದಿರೋದನ್ನ ಹೇಳ್ದೇ ಇರೋಕಾಗಲ್ಲ. ಹಳ್ಳಿ ಕಡೆ ಒಂದು ಸರ್ಕಾರಿ ಹೈಸ್ಕೂಲಿಗೆ ಯುಪಿಎಸ್ ನೋಡೋಕೆ ಅಂತ ಕರೆದಿದ್ರು. ಕಂಪ್ಯೂಟರ್ ರೂಮಿನ ಬೀಗ ತೆಗೆದ್ರೆ ಹಳೇ ಮಾನಿಟರ್‌ಗಳನ್ನ ಗೋಡೆಗೆ ಒರಗಿಸಿ ಒಂದರ ಮೇಲೊಂದು ಪೇರಿಸಿದ್ದಾರೆ, ಪ್ರತಿಯೊಂದರ ಬೆನ್ನಿಗೆ ಬಿಳಿ ಪೇಂಟಲ್ಲಿ ಸ್ಟಾಕ್ ನಂಬರ್, ಸಿಪಿಯು ಒಂದರ ಸೈಡ್ ಕವರ್ ಇಲ್ಲ, ಒಳಗೆ ಇಲಿ ಗೂಡು ಕಟ್ಟಿದೆ. ಮೂಲೆಯಲ್ಲಿ ಯುಪಿಎಸ್ ಬ್ಯಾಟರಿ ಸೋರಿ ಸಿಮೆಂಟ್ ನೆಲ ಪೊರೆ ಎದ್ದು ಬೆಳ್ಳಗಾಗಿದೆ. ಪಕ್ಕದ ರೂಮಲ್ಲಿ ಮಕ್ಕಳು ಕೂತಿದ್ದಾರೆ. ಎಚ್‌ಎಂ ತುಂಬಾ ಒಳ್ಳೇವ್ರು, ಅವ್ರು ಹೇಳಿದ್ದು ಒಂದೇ ಮಾತು, ಇದು ಸ್ಟಾಕ್ ರಿಜಿಸ್ಟರಲ್ಲಿದೆ, ನಿರುಪಯುಕ್ತ ಅಂತ ಮೇಲಿಂದ ಬರೆದು ಕೊಡೋ ತನಕ ನಾನು ಮುಟ್ಟೋ ಹಂಗಿಲ್ಲ, ರಿಟೈರ್ ಆಗುವಾಗ ಒಂದು ಮೌಸ್ ಕಮ್ಮಿ ಬಂದ್ರೂ ನನ್ನ ಪೆನ್ಶನ್‌ಗೆ ತೊಂದ್ರೆ. ಅವ್ರ ಜಾಗದಲ್ಲಿ ಯಾರಿದ್ರೂ ಹಂಗೇ ಮಾಡೋದು. ಇಂತಾ ರೂಮುಗಳು ಶಾಲೆಲಿ ಮಾತ್ರ ಅಲ್ಲ, ಎಷ್ಟೋ ಸರ್ಕಾರಿ ಆಫೀಸುಗಳಲ್ಲೂ ಇದೆ. ಹರಾಜಿಗೆ ಹಾಕಿದ್ರೆ ಜಾಸ್ತಿ ರೇಟ್ ಕೂಗಿದೋರಿಗೆ ಹೋಗುತ್ತೆ, ಅವ್ರು ತಾಮ್ರ ಕಬ್ಬಿಣ ತಗೊಂಡು ಉಳಿದಿದ್ದು ಬಿಸಾಡ್ತಾರೆ, ಹಾರ್ಡ್‌ಡಿಸ್ಕಲ್ಲಿ ಜನರ ಆಧಾರ್, ಪಹಣಿ ಏನೇನಿದೆಯೋ ಅದೂ ಹೋಗುತ್ತೆ. ಜಿಲ್ಲಾಧಿಕಾರಿಗಳೋ ಜಿಲ್ಲಾ ಪಂಚಾಯ್ತಿ ಸಿಇಒ ಅವ್ರೋ ಒಂದು ಸಮಿತಿ ಮಾಡಿ, ವರ್ಷಕ್ಕೊಂದ್ಸಲ ಎಲ್ಲಾ ಇಲಾಖೆಯ ಕೆಟ್ಟ ಎಲೆಕ್ಟ್ರಾನಿಕ್ ಸಾಮಾನಿಗೆ ಒಟ್ಟಿಗೆ ನಿರುಪಯುಕ್ತ ಪಟ್ಟಿ ಮಾಡಿ, ನೋಂದಣಿ ಆಗಿರೋ ರೀಸೈಕ್ಲರ್‌ಗೆ ಮಾತ್ರ ಕೊಡೋ ಹಂಗೆ ಆದೇಶ ಮಾಡಿದ್ರೆ ಮೊದಲ ಲಾರಿ ಸರ್ಕಾರಿ ಮಾಲಲ್ಲೇ ತುಂಬುತ್ತೆ, ಅದರಲ್ಲಿ ಬೋರ್ಡು, ತಾಮ್ರ ಇರೋದ್ರಿಂದ ರೀಸೈಕ್ಲರ್‌ಗೂ ಬಂದಿದ್ದಕ್ಕೆ ಅರ್ಥ ಇರುತ್ತೆ, ಅದೇ ಲಾರಿಯಲ್ಲಿ ಜನರ ಮನೆ ಪಿಕ್ಚರ್ ಟ್ಯೂಬೂ ಹೋಗ್ಬಹುದು.

ಹಂಗಾದ್ರೆ ನಡೆಸೋದು ಹೆಂಗೆ ಅಂತ ಕೇಳ್ತೀರಿ. ಹೊಸ ಇಲಾಖೆ, ಹೊಸ ಬಿಲ್ಡಿಂಗ್ ಏನೂ ಬೇಡ. ನಮ್ಮ ಜಿಲ್ಲೆಯಲ್ಲಿ ಸುಮಾರು ನೂರು ಗ್ರಾಮ ಪಂಚಾಯ್ತಿ ಇದೆ, ಎಷ್ಟೋ ಕಡೆ ಸ್ವಚ್ಛ ಸಂಕೀರ್ಣ ಅಂತ ಕಸದ ಘಟಕ ಇದೆ, ಸ್ವಚ್ಛ ವಾಹಿನಿ ಗಾಡಿ ಇದೆ, ಅದನ್ನ ಓಡಿಸೋದು ಸ್ವಸಹಾಯ ಸಂಘದ ಹೆಣ್ಮಕ್ಕಳು. ಇ-ವೇಸ್ಟ್ ಕಸದ ಜೊತೆ ಸೇರದಂಗೆ ಬೇರೆ ಮಾಡಿಸಿ ರೀಸೈಕ್ಲರ್‌ಗೆ ತಲುಪಿಸೋ ಜವಾಬ್ದಾರಿ ಸ್ಥಳೀಯ ಸಂಸ್ಥೆಗಳ ಮೇಲಿದೆ ಅಂತ ಆ 2022ರ ನಿಯಮದಲ್ಲೇ ಇದೆ. ಜವಾಬ್ದಾರಿ ಕೊಟ್ಟು ದುಡ್ಡು ಕೊಡ್ದಿದ್ರೆ ಪಿಡಿಒ ಏನು ಮಾಡ್ತಾರೆ. ಆ ಹೆಣ್ಮಕ್ಕಳಿಗೆ ದಿನಾ ಇ-ವೇಸ್ಟ್ ತಗೊಳ್ಳಿ ಅಂತ ಹೇಳೋದೂ ಬೇಡ, ಈಗಿರೋ ಕೆಲಸಕ್ಕೇ ಅವ್ರ ಸಂಬಳ ತಿಂಗಳು ತಿಂಗಳು ಬರಲ್ಲ. ತಿಂಗಳಿಗೊಂದು ದಿನ ಸಾಕು, ಅದಕ್ಕೆ ಬೇರೆ ಕೂಲಿ, ದಪ್ಪ ಗ್ಲೌಸು, ಕೆಮ್ಮು ಬರ್ದಂಗೆ ಒಳ್ಳೇ ಮಾಸ್ಕು, ಪಿಕ್ಚರ್ ಟ್ಯೂಬ್ ಒಡೀದಂಗೆ ಎತ್ತೋದು ಹೆಂಗೆ, ಊದಿದ ಬ್ಯಾಟರಿ ಮರಳು ತುಂಬಿದ ಡಬ್ಬಕ್ಕೆ ಹಾಕೋದು ಹೆಂಗೆ ಅಂತ ಒಂದು ದಿನದ ಟ್ರೈನಿಂಗು. ಈ ಟ್ರೈನಿಂಗ್ ಕೊಡೋಕೆ ನಮ್ಮಂತಾ ರಿಪೇರಿಯವ್ರನ್ನೇ ಕರೀರಿ, ಬರ್ತೀವಿ.

ಸಂತೆ ದಿನ ಬಿಡ್ಬಾರ್ದು. ಮಡಿಕೇರಿ ಶುಕ್ರವಾರ, ಗೋಣಿಕೊಪ್ಪ ಭಾನುವಾರ, ಕುಶಾಲನಗರ ಮಂಗಳವಾರ, ಆವತ್ತು ತೋಟದ ಲೈನ್‌ಮನೆಯಲ್ಲಿರೋ ಕಾರ್ಮಿಕರು, ಊರ ಮನೆಯವ್ರು ಎಲ್ಲಾ ಜೀಪಲ್ಲೋ ಬಸ್ಸಲ್ಲೋ ಪೇಟೆಗೆ ಬಂದೇ ಬರ್ತಾರೆ, ಬರುವಾಗ ಕೈಚೀಲದಲ್ಲಿ ಹಳೇ ಮೊಬೈಲ್, ಚಾರ್ಜರ್, ಬಲ್ಬ್ ತರೋದು ಕಷ್ಟ ಇಲ್ಲ. ಸಂತೆಮಾಳದಲ್ಲಿ ಒಂದು ಟೇಬಲ್ಲು, ಒಂದು ತಕ್ಕಡಿ, ರೇಟ್ ಬರೆದ ಬೋರ್ಡು. ಹೌದು, ರೇಟ್ ಕೊಡ್ಲೇಬೇಕು, ಕೆಜಿಗೆ ಹತ್ತು ರೂಪಾಯಿ ಆದ್ರೂ ಸರಿ, ಪಿಕ್ಚರ್ ಟ್ಯೂಬ್ ಒಡೀದೇ ತಂದ್ರೆ ಪೀಸಿಗೆ ಇಷ್ಟು ಅಂತ. ಇದೇ ರೇಟ್ ಗುಜರಿಯವ್ರಿಗೂ ಸಿಗ್ಬೇಕು, ಆಗ ಅವ್ರೇ ಯೋಕ್ ಬಿಚ್ಕೊಂಡು ಟ್ಯೂಬನ್ನ ಹುಷಾರಾಗಿ ಗಾಡಿಗೆ ಹಾಕ್ಕೊಂಡು ತರ್ತಾರೆ. ಬ್ಯಾಟರಿ ವಿಷಯದಲ್ಲಿ ನಡೀತಿರೋದು ಟ್ಯೂಬ್ ವಿಷಯದಲ್ಲೂ ನಡೀಬೇಕಂದ್ರೆ ಆ ಬೆಲೆ ಸರ್ಕಾರನೇ ಹುಟ್ಟಿಸ್ಬೇಕು, ಬೇರೆ ದಾರಿ ಇಲ್ಲ. ಜಪಾನಲ್ಲಿ ಟೋಕಿಯೋ ಒಲಿಂಪಿಕ್ಸ್ ಮೆಡಲ್‌ಗೆ ಅಂತ 2017ರಿಂದ 2019ರವರೆಗೆ ಜನರ ಹತ್ರ ಹಳೇ ಸಾಮಾನು ಸೇರಿಸಿದ್ರಲ್ಲ, ಸುಮಾರು 79 ಸಾವಿರ ಟನ್ ಬಂತು, 62 ಲಕ್ಷ ಮೊಬೈಲ್ ಬಂತು, 32 ಕೆಜಿ ಚಿನ್ನ ಸಿಕ್ತು. ಅಲ್ಲಿ ಈ ಕೆಲಸ ಆಗಿದ್ದು ಊರೂರಿನ ಸ್ಥಳೀಯ ಸಂಸ್ಥೆಗಳು, ಮೊಬೈಲ್ ಅಂಗಡಿಗಳು ಡಬ್ಬ ಇಟ್ಟಿದ್ದಕ್ಕೆ. ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಪುಡಿ ಮಾಡಿದ್ರೆ ಸಿಗೋ ಚಿನ್ನ ಕೆಲವೇ ಗ್ರಾಂ, ಒಂದು ಟನ್ ಮೊಬೈಲಲ್ಲಿ ನೂರು ಗ್ರಾಂಗೂ ಮೀರಿ ಇರುತ್ತೆ ಅಂತಾರೆ, ಹಂಗಾಗಿ ಬಂದ ಮಾಲಿನ ಒಂದು ಭಾಗ ತನ್ನ ಖರ್ಚು ತಾನೇ ದುಡಿಯುತ್ತೆ, ಆ ದುಡ್ಡು ಟ್ಯೂಬ್‌ಗೂ ಸಿಎಫ್‌ಎಲ್‌ಗೂ ಆಗುತ್ತೆ.

ಪಕ್ಕದ ಕೇರಳ ಈಗಾಗಲೇ ಈ ದಾರಿಯಲ್ಲಿದೆ. ಅಲ್ಲಿ ಕ್ಲೀನ್ ಕೇರಳ ಕಂಪನಿ ಅಂತ ಸರ್ಕಾರದ್ದೇ ಕಂಪನಿ ಇದೆ, ಹರಿತ ಕರ್ಮ ಸೇನೆ ಅಂತ ಹೆಣ್ಮಕ್ಕಳ ತಂಡ ಮನೆಮನೆಗೆ ಬರುತ್ತೆ, 2025ರಲ್ಲಿ ಪಟ್ಟಣಗಳ ಕಡೆ ಇ-ವೇಸ್ಟ್‌ಗೆ ಮನೆಯವ್ರಿಗೇ ದುಡ್ಡು ಕೊಟ್ಟು ತಗೊಳೋಕೆ ಶುರು ಮಾಡಿದ್ರು. ಕುಟ್ಟದಿಂದ ಗಡಿ ದಾಟಿದ್ರೆ ವಯನಾಡು, ಮಾಕುಟ್ಟ ಇಳಿದ್ರೆ ಕಣ್ಣೂರು ಜಿಲ್ಲೆ, ನಮ್ಮ ಅಧಿಕಾರಿಗಳು ಸ್ಟಡಿ ಟೂರ್‌ಗೆ ದೂರ ಎಲ್ಲೂ ಹೋಗೋದು ಬೇಡ, ಬೆಳಿಗ್ಗೆ ಹೋಗಿ ಸಂಜೆ ಬರ್ಬಹುದು.

ಮಾಲು ಇಡೋ ಜಾಗದ ಬಗ್ಗೆ ಮಾತ್ರ ಒತ್ತಿ ಹೇಳ್ತೀನಿ. ತಾಲೂಕಿಗೊಂದು ಗೋಡೌನ್, ಐದು ತಾಲೂಕಿಗೆ ಐದು, ಮೇಲೆ ಸೋರದ ಶೀಟು, ಕೆಳಗೆ ಸಿಮೆಂಟ್ ನೆಲ, ಬೀಗ, ಬೆಂಕಿ ಆರಿಸೋ ಸಾಮಾನು. ಇಲ್ಲಿನ ಮಳೆಯಲ್ಲಿ ತೆರೆದ ಜಾಗದಲ್ಲಿ ಇಟ್ರೆ ಸಂಗ್ರಹ ಮಾಡಿದ್ದೂ ಒಂದೇ ಹೊಳೆಗೆ ಹಾಕಿದ್ದೂ ಒಂದೇ. ಲಾರಿ ವರ್ಷಕ್ಕೆ ಎರಡು ಸಲ ಬಂದ್ರೆ ಸಾಕು, ಮೇ ಒಳಗೆ ಒಂದ್ಸಲ, ಮಳೆ ನಿಂತ್ಮೇಲೆ ನವೆಂಬರಲ್ಲಿ ಒಂದ್ಸಲ. ಲಿಥಿಯಂ ಬ್ಯಾಟರಿ ಬೇರೆ ಡಬ್ಬದಲ್ಲಿ, ಎರಡು ತುದಿಗೂ ಟೇಪ್ ಅಂಟಿಸಿ. ಕಸದ ಗಾಡಿಯಲ್ಲಿ ಅಮುಕಿದಾಗ ಬೆಂಕಿ ಹತ್ಕೊಳೋದು ಇದರಿಂದಲೇ.

ಇನ್ನು ದುಡ್ಡು ಎಲ್ಲಿಂದ. 15ನೇ ಹಣಕಾಸು ಆಯೋಗ 2026ರ ಮಾರ್ಚ್‌ವರೆಗೆ ಅಂತ ಪಂಚಾಯ್ತಿಗಳಿಗೆ ಕೊಟ್ಟ ಗ್ರ್ಯಾಂಟಲ್ಲಿ ಶೇ. 60 ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ದು, ನೈರ್ಮಲ್ಯದ ಭಾಗದಲ್ಲಿ ಸಂಗ್ರಹದ ದಿನದ ಕೂಲಿ, ಡಬ್ಬ, ಗ್ಲೌಸು ಬರುತ್ತೆ, ಅದರ ಮುಂದಿನ 16ನೇ ಆಯೋಗದ ದುಡ್ಡಲ್ಲೂ ಅದೇ ತರ ಜಾಗ ಮಾಡ್ಕೋಬೇಕು. ಲಾರಿ ಬಾಡಿಗೆ ಮತ್ತೆ ಸೀಸದ ಗಾಜಿನ ವಿಲೇವಾರಿ ಪಂಚಾಯ್ತಿ ಕೈಲಿ ಆಗಲ್ಲ, ಅದು ರಾಜ್ಯ ಸರ್ಕಾರದ್ದು. ರಾಜ್ಯ ಯಾಕೆ ಕೊಡ್ಬೇಕು ಅಂದ್ರೆ, ಇಲ್ಲಿ ತೋಡಿಗೆ ಬಿದ್ದಿದ್ದು ಕಾವೇರಿಗೆ ಹೋಗುತ್ತೆ, ಕಾವೇರಿ ಕೆಆರ್‌ಎಸ್‌ಗೆ ಹೋಗುತ್ತೆ, ಮೈಸೂರು ಮಂಡ್ಯ ಕುಡಿಯೋದು ಅದನ್ನೇ, ಬೆಂಗಳೂರಿಗೆ 2024ರ ಅಕ್ಟೋಬರಲ್ಲಿ ಕಾವೇರಿ 5ನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಹೋಗೋ ಹಂಗಾಯ್ತು. ಆ ನೀರು ಹುಟ್ಟೋ ಜಾಗದಲ್ಲಿ ಪಿಕ್ಚರ್ ಟ್ಯೂಬಿನ ಸೀಸ, ಸಿಎಫ್‌ಎಲ್‌ನ ಪಾದರಸ ಬೀಳದಂಗೆ ನೋಡ್ಕೊಳೋಕೆ ವರ್ಷಕ್ಕೆ ಹತ್ತಿಪ್ಪತ್ತು ಲಾರಿ ಬಾಡಿಗೆ ಕೊಡೋದು ರಾಜ್ಯಕ್ಕೆ ಯಾವ ದೊಡ್ಡ ಖರ್ಚು. ಹೋಂಸ್ಟೇ, ರೆಸಾರ್ಟ್‌ನವ್ರು ಮಾತ್ರ ಫ್ರೀಯಾಗಿ ಕೊಡ್ಬಾರ್ದು, ರೂಮಿಗೊಂದು ಟಿವಿ, ಗೀಸರ್ ಇಟ್ಟು ದುಡೀತಾರೆ, ಲೈಸೆನ್ಸ್ ರಿನ್ಯೂವಲ್ ಮಾಡುವಾಗ ಹಿಂದಿನ ವರ್ಷ ಕೊಟ್ಟ ಇ-ವೇಸ್ಟಿನ ರಸೀದಿ ತೋರಿಸ್ಬೇಕು ಅಂತ ಮಾಡಿ, ಸಣ್ಣ ಫೀಸೂ ಇರ್ಲಿ. ದೊಡ್ಡ ಎಸ್ಟೇಟ್‌ಗಳಿಗೂ ಹಂಗೇ, ಲೈನ್‌ಮನೆಗಳ ಹತ್ರ ಒಂದು ಡಬ್ಬ ಇಡಿಸಿ ತೋಟದ ಲೆಕ್ಕ ನೋಡೋ ರೈಟರ್‌ಗೆ ಜವಾಬ್ದಾರಿ ಕೊಟ್ರೆ ಆಯ್ತು.

ಲೆಕ್ಕ ಬಚ್ಚಿಡ್ಬಾರ್ದು. ಯಾವ ಪಂಚಾಯ್ತಿಯಿಂದ ಎಷ್ಟು ಕೆಜಿ ಬಂತು, ಎಷ್ಟು ಹೋಯ್ತು, ಯಾರಿಗೆ ಎಷ್ಟು ಕೊಟ್ರು ಅಂತ ಪಂಚಾಯ್ತಿ ನೋಟಿಸ್ ಬೋರ್ಡಲ್ಲಿ ಹಾಕಿ ಗ್ರಾಮಸಭೆಯಲ್ಲಿ ಓದ್ಬೇಕು. ಮತ್ತೆ ಟೆಂಡರ್ ಆರು ತಿಂಗಳಿಗೆ ಕರೀಬೇಡಿ, ಮೂರು ವರ್ಷಕ್ಕೆ ಕರೀರಿ, ಒಂದು ದಿನ ಬ್ಯಾನರ್ ಕಟ್ಟಿ ಅಭಿಯಾನ ಮಾಡಿ ಫೋಟೋ ತೆಗೆಸ್ಕೊಂಡು ಬಿಟ್ರೆ ಮುಂದಿನ ಸಲ ಜನ ಹಳೇ ಟಿವಿ ಹೊತ್ಕೊಂಡು ಬರಲ್ಲ.

ಕೊನೇದಾಗಿ ನಮ್ಮ ರಿಪೇರಿ ಅಂಗಡಿಗಳ ವಿಷಯ. ಬಿಸಾಡೋಕೆ ಮುಂಚೆ ರಿಪೇರಿ ಆಗುತ್ತಾ ಅಂತ ನೋಡೋರು ನಾವು. ಮಿಕ್ಸಿಗೆ ಕಾರ್ಬನ್ ಬ್ರಷ್ಷು, ಟಿವಿಗೆ ಬ್ಯಾಕ್‌ಲೈಟ್ ಸ್ಟ್ರಿಪ್ಪು, ಇನ್ವರ್ಟರ್‌ಗೆ ಮಾಸ್‌ಫೆಟ್ ಅನ್ನೋ ಒಂದು ಸಣ್ಣ ಪಾರ್ಟು ಹಾಕಿದ್ರೆ ಇನ್ನೂ ನಾಕು ವರ್ಷ ಓಡುತ್ತೆ, ಅಷ್ಟು ಇ-ವೇಸ್ಟ್ ಹುಟ್ಟೋದೇ ಇಲ್ಲ. ಸಂಗ್ರಹ ಆದ ಮಾಲಲ್ಲಿ ರಿಪೇರಿ ಆಗೋದನ್ನ ಮೊದ್ಲು ಬೇರೆ ಮಾಡಿ, ಸರಿ ಮಾಡಿ, ಲೈನ್‌ಮನೆಯವ್ರಿಗೋ ಅಂಗನವಾಡಿಗೋ ಕೊಡೋ ಹಂಗೆ ಮಾಡ್ಬೇಕು, ಅದಕ್ಕೆ ಪೀಸಿಗೆ ಇಂತಿಷ್ಟು ಅಂತ ರಿಪೇರಿ ಕೂಲಿ ಈ ಕಾರ್ಯಕ್ರಮದಲ್ಲೇ ಇಡ್ಬೇಕು. ಹಳೇ ಬೋರ್ಡಿಂದ ಒಳ್ಳೇ ಪಾರ್ಟ್ ತೆಗೆಯೋಕೂ ಬಿಡ್ಬೇಕು, ಸ್ಪೇರ್ ಸಿಗ್ದೇ ಎಷ್ಟೋ ಸೆಟ್ ಹಂಗೇ ಕೂತಿರುತ್ತೆ.

ಮುಂದಿನ ಗ್ರಾಮಸಭೆಗಳಲ್ಲಿ ಕ್ರಿಯಾಯೋಜನೆ ಮಾಡುವಾಗ ಪ್ರತಿ ಪಂಚಾಯ್ತಿನೂ ಇ-ವೇಸ್ಟಿಗೆ ಒಂದು ಸಾಲು ಹಾಕ್ಲಿ, ಜಿಲ್ಲಾ ಪಂಚಾಯ್ತಿ ಲಾರಿ ಟೆಂಡರ್ ಕರೀಲಿ. ಡಬ್ಬ ಇಡೋಕೆ ನಮ್ಮ ಅಂಗಡಿ ಮುಂದೆ ಜಾಗ ಇದೆ, ಬಾಡಿಗೆ ಬೇಡ, ತೂಕ ಹಾಕಿ ಚೀಟಿ ಬರೆದು ಕೊಡೋದೂ ನಾನೇ ಮಾಡ್ತೀನಿ, ಮೂರ್ನಾಡು, ವಿರಾಜಪೇಟೆ ಕಡೆ ಇದೇ ಕೆಲಸ ಮಾಡೋ ಸ್ನೇಹಿತರೂ ಒಪ್ಪಿದ್ದಾರೆ. ತುಂಬಿದ ಡಬ್ಬ ತಗೊಂಡು ಹೋಗೋ ಗಾಡಿ ಯಾವ ದಿನ ಬರುತ್ತೆ ಅಂತ ಸಂಬಂಧಪಟ್ಟವ್ರು ನಮಗೆ ತಿಳಿಸ್ಬೇಕು.

ಇಂತಿ,
ಟಿವಿ ರಿಪೇರಿ ಅಂಗಡಿಯವ, ನಾಪೋಕ್ಲು